ಆನೆ ಹೊನ್ನಿಗೆ ಇಬ್ಬರು ಗಿರಾಕಿಗಳು

ಗಂಗಾಬಾಯಿಯವರ ಗಂಡ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಮಾರುತ್ತಲೇ ಅವರು ಮಕ್ಕಳನ್ನು ಓದಿಸಿದರು. ಈಗ ಹೊಸಪೇಟೆಯಲ್ಲಿ ಸ್ವಂತ ಮನೆಯಿದೆ, ಮೊಮ್ಮಗಳು ಅರ್ಚಿತಾ ಅಂಬೆಗಾಲಿಡುತ್ತಿದ್ದಾಳೆ. ಆದರೂ ಒಂದು ಆಸೆ ಉಳಿದಿತ್ತು. ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ತಮ್ಮದೇ ಒಂದು ಹೋಳಿಗೆ ಅಂಗಡಿ. ಮಳಿಗೆಯೂ ಸಿಕ್ಕಿತ್ತು. ಆದರೆ ಸೋಮವಾರ ಅಡ್ವಾನ್ಸ್ ಕೊಡದಿದ್ದರೆ ಅದು ಮೊಬೈಲ್ ಅಂಗಡಿಯವನ ಪಾಲು.

ಅದಕ್ಕೇ ದೇವರ ಪೆಟ್ಟಿಗೆಯಿಂದ ಹೊನ್ನು ಹೊರಗೆ ಬಂತು. ಅಜ್ಜಿಯಿಂದ ಬಂದ ಪುಟ್ಟ ಬಂಗಾರದ ನಾಣ್ಯ. ಒಂದು ಬದಿ ಆನೆ, ಇನ್ನೊಂದು ಬದಿ ಸವೆದ ನಾಗರಿ ಅಕ್ಷರ. ಹಳೆ ನಾಣ್ಯದ ವ್ಯಾಪಾರಿ ಮಧ್ವೇಶ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಭಾಳ ಅಪರೂಪದ್ದು ಖರೆ ರೀ. ಆದ್ರ ಕೇಳೋರು ಬೇಕಲ್ಲ? ಬಾಲಕೃಷ್ಣ ಇರೋ ವರಹ ತರ್ರಿ, ಅಂಥಾವು ಎಷ್ಟ್ ಬಂದ್ರೂ ಪೂಜಾಕ್ಕಂತ ಜನ ಮುಗಿಬೀಳ್ತಾರ. ಈ ಆನಿಗೆ ತೂಕದ ರೇಟು ಕೊಡ್ತೀನಿ."

"ನನ್ನ ಬಾಳಕಾನೂ ಮೊದ್ಲು ಯಾರೂ ಕೇಳ್ತಿದ್ದಿಲ್ಲಪ್ಪ," ಎಂದರು ಗಂಗಾಬಾಯಿ, ಹೊನ್ನನ್ನು ಸೆರಗಿಗೆ ಕಟ್ಟಿಕೊಳ್ಳುತ್ತ. "ಒಬ್ಬಾಕಿ ಒಯ್ದು ತಿಂದ್ಲು. ಮರುದಿನ ಇಡೀ ಕ್ವಾರ್ಟರ್ಸು ಬಾಗ್ಲಾಗ ನಿಂತಿತ್ತು."

ಸೊಸೆ ಶ್ರೀಪ್ರಿಯಾ ಬೆಂಗಳೂರಿನಲ್ಲಿ ಓದಿದವಳು, ಎಲ್ಲದಕ್ಕೂ ಹೆದರುವವಳು. ಮಗು ನಾಣ್ಯ ನುಂಗಿಬಿಟ್ಟರೆ? ಕೊಳ್ಳಲು ಬರುವವನು ಮೋಸಗಾರನಾಗಿದ್ದರೆ? ಹೆದರುತ್ತಲೇ ಅವಳು ಹೊನ್ನಿನ ಫೋಟೋವನ್ನು ನಾಣ್ಯ ಸಂಗ್ರಹಿಸುವವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಇಬ್ಬರು ಫೋನು ಮಾಡಿದರು: ಸಂಡೂರಿನ ಗಣಿ ಆಫೀಸಿನ ಲಿಂಗರಾಜ್, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ವಿರುಪಾಕ್ಷಪ್ಪ. ಎದುರುಬದುರಾದರೆ ಜಗಳವಾದೀತೆಂದು ಒಬ್ಬರಿಗೆ ಭಾನುವಾರ ನಾಲ್ಕು ಗಂಟೆ, ಇನ್ನೊಬ್ಬರಿಗೆ ಆರು ಗಂಟೆ ಹೇಳಿದಳು.

ಅದಿರಿನ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡ ಲಿಂಗರಾಜ್ ಬಂದದ್ದು ನಾಲ್ಕೂವರೆಗೆ.

"ಈಗ ಬ್ಯಾಡಪ್ಪ, ರಾಹುಕಾಲ ಹತ್ತೇತಿ," ಎಂದು ಗಂಗಾಬಾಯಿ ಪೆಟ್ಟಿಗೆ ಮುಟ್ಟಲೇ ಇಲ್ಲ. "ಆರಕ್ಕ ತೆಗಿತೀನಿ. ಕುಂದ್ರಿ, ಅವಲಕ್ಕಿ ತಿನ್ನಿ."

ಶ್ರೀಪ್ರಿಯಾ ಅತ್ತೆಯ ಹಿಂದೆಯೇ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಿಸುಗುಟ್ಟಿದಳು, "ಅತ್ತೆ, ಅವರು ಎದ್ದು ಹೋಗಿಬಿಟ್ರೆ? ನಾಳೇನೇ ಸೋಮವಾರ!"

"ಹೋದ್ರ ಹೋಗ್ಲಿ. ರಾಹುಕಾಲದಾಗ ಬಂಗಾರ ಹೊರಗ ಹಾಕಬಾರದು ತಾಯಿ."

ಲಿಂಗರಾಜ್ ಹೋಗಲಿಲ್ಲ. ಎರಡನೇ ತಟ್ಟೆ ಅವಲಕ್ಕಿ ಮುಗಿಸುವಷ್ಟರಲ್ಲಿ ವಿರುಪಾಕ್ಷಪ್ಪನವರು ಆರಕ್ಕೆ ಮುಂಚೆಯೇ ಬಂದು ಎದುರಿಗೇ ಕೂತರು. ನೋಡಿದರೆ ಇಬ್ಬರೂ ಹಳೇ ಪರಿಚಯದವರು.

"ಏನಲೇ ಲಿಂಗ್ಯಾ, ಸಂಡೂರಾಗ ಅವಲಕ್ಕಿ ಸಿಗೂದಿಲ್ಲೇನು?"

"ನೀವ್ಯಾಕ್ರಿ ಸಾವ್ಕಾರ್ರ ಇಷ್ಟು ದೂರ? ಈ ಹೊನ್ನಿನಾಗ ಅಂಥಾದ್ದೇನೂ ಇಲ್ಲ, ಮನಿಗೆ ಹೋಗ್ರಿ."

"ಏನೂ ಇಲ್ಲದ್ದಕ್ಕ ನೀ ಯಾಕ ಕುಂತೀ?"

ಇಬ್ಬರೂ ನಕ್ಕರು. ಇಬ್ಬರೂ ಏಳಲಿಲ್ಲ. ಶ್ರೀಪ್ರಿಯಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಗಡಿಯಾರವನ್ನೇ ನೋಡುತ್ತ ನಿಂತಳು.

ಆರಕ್ಕೆ ಪೆಟ್ಟಿಗೆ ತೆರೆಯಿತು. ಹೊನ್ನು ಅಂಗೈಗೆ ಬಂದದ್ದೇ ಲಿಂಗರಾಜನ ಮುಖ ಅರಳಿತು. "ಇಂಥಾದ್ದು ನಾ ಕೈಯಾಗ ಹಿಡದೇ ಇಲ್ಲ," ಎಂದುಬಿಟ್ಟ.

"ಹಂಗಾದ್ರ ನನಗೂ ಬೇಕು," ಎಂದರು ವಿರುಪಾಕ್ಷಪ್ಪ.

ಅಲ್ಲಿಂದ ಶುರುವಾಯಿತು ನೋಡಿ. ಅವನು ಒಂದು ಹೇಳಿದರೆ ಇವರು ಅದರ ಮೇಲೊಂದು. ಮಧ್ವೇಶನ ತೂಕದ ರೇಟು ಯಾವಾಗಲೋ ಹಿಂದೆ ಬಿದ್ದಿತ್ತು. ಗಂಗಾಬಾಯಿ ಚಹಾ ಸೋಸುತ್ತಿದ್ದರು. ಕಡೆಗೆ ವಿರುಪಾಕ್ಷಪ್ಪ ಕೈ ಎತ್ತಿದರು. "ಸಾಕಪ್ಪ. ಇನ್ನ ಏರಿಸಿದ್ರ ಮನ್ಯಾಗ ನನಗ ಊಟ ಹಾಕಂಗಿಲ್ಲ."

ಲಿಂಗರಾಜ್ ದುಡ್ಡು ಕೊಟ್ಟು ಹೊನ್ನು ಒಯ್ದ. ಇಬ್ಬರೂ ಹೋದ ಮೇಲೆ ಶ್ರೀಪ್ರಿಯಾ ಕೇಳಿದಳು, "ನಿಜ ಹೇಳಿ ಅತ್ತೆ, ಬೇಕಂತಲೇ ಲಿಂಗರಾಜ್ ಅವರನ್ನ ಆರರವರೆಗೂ ಕೂರಿಸಿದ್ರಾ?"

"ಛೀ ಛೀ! ರಾಹುಕಾಲದ ಹೆಸರಿಲೆ ಸುಳ್ಳು ಹೇಳ್ತಾರೇನು? ಎರಡನೇ ಸಲ ಅವಲಕ್ಕಿ ಹಾಕಿದ್ದು ಮಾತ್ರ ಬೇಕಂತನ."

ಸೋಮವಾರ ಅಡ್ವಾನ್ಸ್ ಸಂದಾಯವಾಯಿತು. ತಿಂಗಳೊಳಗೆ ಹಂಪಿಗೆ ಹೋಗುವ ಕಾರುಗಳು ಗಂಗಾಬಾಯಿಯವರ ಕಾವಲಿಯ ಘಮಕ್ಕೆ ನಿಲ್ಲತೊಡಗಿದವು. ಮಧ್ಯಾಹ್ನಕ್ಕೇ ಹೂರಣ ಖಾಲಿ.

"ಇನ್ನೂ ಸ್ವಲ್ಪ ಜಾಸ್ತಿ ಮಾಡಿ ಅತ್ತೆ, ಜನ ವಾಪಸ್ ಹೋಗ್ತಿದಾರೆ," ಎಂದು ಶ್ರೀಪ್ರಿಯಾಳ ಹೊಸ ಚಿಂತೆ.

"ಹೋಗ್ಲಿ ಬಿಡು," ಎಂದರು ಗಂಗಾಬಾಯಿ, ಕಾವಲಿ ಒರೆಸುತ್ತ. "ನಾಳೆ ಜಲ್ದಿ ಬರ್ತಾರ."