ಬೇಲಿಯ ನಡುವೆ ಒಂದು ದಾರಿ

ದೋಹಾದ ಬಿಸಿಲಿಗೆ ಹೊರಗೆ ಡಾಮರು ಕರಗುತ್ತಿದ್ದರೂ ನಮ್ಮ ಆಫೀಸಿನ ಡ್ರಾಫ್ಟ್ಸ್‌ಮನ್ ಯಜ್ಞೇಶಣ್ಣ ಸ್ವೆಟರ್ ಬಿಚ್ಚುವವರಲ್ಲ. ಎಸಿಗೆಂದು ನಾವು ಅಂದುಕೊಂಡರೆ, ಹಿಮಕ್ಕೆಂದು ಅವರ ವಾದ. ಯುರೋಪಿನಲ್ಲೆಲ್ಲೋ ಊರವರೆಲ್ಲ ಸ್ಕೀಯಿಂಗ್ ಆಡುವ ಸಾರ್ವಜನಿಕ ಬೆಟ್ಟವೊಂದಿದೆ. ಅದರ ಬುಡದಲ್ಲಿ ಏಳಲಿರುವ ಖಾಸಗಿ ರೆಸಾರ್ಟಿನ ನಕ್ಷೆ ಇವರ ಪಾಲಿಗೆ ಬಂದಿದೆ. ಫ್ರಿಜ್ಜಿನ ಐಸು ಬಿಟ್ಟರೆ ಬೇರೆ ಹಿಮ ಕಂಡವರಲ್ಲ. ಆದರೂ ದೋಹಾದ ಮುಐದರ್ ಬಡಾವಣೆಯ ತಮ್ಮ ರೂಮಿನಲ್ಲಿ ಬಂಗುಡೆ ಹುರಿಯುತ್ತಲೇ ಆ ಬೆಟ್ಟದಲ್ಲಿ ಇವತ್ತು ಎಷ್ಟು ಅಡಿ ಹಿಮ ಬಿತ್ತೆಂದು ಹೇಳಬಲ್ಲರು. ರೆಸಾರ್ಟಿಗೆ ಬೇಲಿ ಎಳೆದಾಗಲೆಲ್ಲ ನಡುವೆ ಬೆಟ್ಟಕ್ಕೊಂದು ಕಾಲುದಾರಿ ಬಿಡುತ್ತಾರೆ. "ಅದು ಕ್ಲೈಂಟ್ ಜಾಗ ಕಣ್ರೀ, ಅಳಿಸಿ, ಖಲಾಸ್" ಎನ್ನುತ್ತಾರೆ ಮೈಸೂರಿನ ಮ್ಯಾನೇಜರ್ ಮುದ್ದುಕೃಷ್ಣ. "ಮತ್ತೆ ಜನ ಎಲ್ಲಿಂದ ಹೋಗುವುದು ಮಾರಾಯ್ರೆ?" ಎಂದು ಗೊಣಗುತ್ತಲೇ ಯಜ್ಞೇಶಣ್ಣ ಅಳಿಸುತ್ತಾರೆ, ಮುಂದಿನ ನಕ್ಷೆಯಲ್ಲಿ ದಾರಿ ಮತ್ತೆ ಹಾಜರು. ಹೀಗೆ ಹನ್ನೊಂದು ಸಲ. ಕಳೆದ ವಾರ ಊರಿನಿಂದ ಅವರ ಅಣ್ಣನ ಫೋನ್ ಬಂದಿತ್ತು: ಮನೆಯಿಂದ ಕಡಲಿಗಿದ್ದ ಓಣಿಗೆ ಅಲ್ಲಿಯ ರೆಸಾರ್ಟಿನವರು ಗೋಡೆ ಕಟ್ಟಿದ್ದಾರೆ, ಇನ್ನು ಬಲೆ ಹೊತ್ತುಕೊಂಡು ಎರಡು ಮೈಲಿ ಸುತ್ತಬೇಕು. ಇವತ್ತು ಹನ್ನೆರಡನೆಯ ನಕ್ಷೆಯಲ್ಲಿ ಅಳಿಸಲೆಂದು ಮುದ್ದುಕೃಷ್ಣ ಆ ದಾರಿಯನ್ನು ಹುಡುಕಿದರು. ಯಜ್ಞೇಶಣ್ಣ ಅದನ್ನು ಎಳೆದೇ ಇರಲಿಲ್ಲ.