ರಜಾಚೀಟಿಯ ಹೃಚ್ಛೂಲ

ಇವತ್ತು ಅಕ್ಕಿಆಲೂರಿನ ಅಂಗಡಿಯೊಂದರಲ್ಲಿ ಇಂಗಿನ ವಾಸನೆ ಬಂತು, ಎದೆ ಧಸಕ್ಕೆಂದಿತು.

ಸಣ್ಣವಳಿದ್ದಾಗ, ತೀರಿಹೋದ ಅಜ್ಜನ ವೈದ್ಯಪುಸ್ತಕದಿಂದ ಪದ ಕದ್ದು ರಜಾಚೀಟಿ ಬರೆದಿದ್ದೆ: "ಹೃಚ್ಛೂಲ ಬಾಧಿಸುತ್ತಿರುವುದರಿಂದ ರಜೆ ದಯಪಾಲಿಸಬೇಕು." ಎದೆಶೂಲೆಯ ಹಳೆಯ ಹೆಸರದು, ಆ ಕಾಯಿಲೆ ಈಗ ಯಾರಿಗೂ ಬರುವುದಿಲ್ಲವೆಂದೇ ನಂಬಿದ್ದೆ.

ಮಾಸ್ತರರು ನನ್ನನ್ನು ಮನೆಗೇ ಕರೆತಂದು ಚೀಟಿ ಓದಿದರು. ಅಜ್ಜಿ ಅಲ್ಲೇ ಕುಸಿದಳು.

"ಇಕಿ ಅಜ್ಜಾರು ಇದ ಹೆಸರು ಹೇಳಿ ಎದಿ ಹಿಡ್ಕೊಂಡು ಮಲಗಿದವ್ರು, ಮತ್ತ ಏಳಲಿಲ್ರೀ!"

"ಸುಳ್ಳ ಬರದೇನಿ ಬೇ ಅಜ್ಜಿ, ಏನೂ ಆಗಿಲ್ಲ!"

ಅಜ್ಜಿ ನನ್ನೆದೆಗೆ ಕಿವಿಯಿಟ್ಟಳು. ಹೆದರಿಕೆಗೆ ಅದು ದಬದಬ ಬಡಿಯುತ್ತಿತ್ತು.

"ಸುಮ್ನಿರ ಯವ್ವಾ, ಕೇಳಸಾಕತ್ತೈತಿ," ಎನ್ನುತ್ತ ಎದೆಗೆ ಬಿಸಿ ಇಂಗು ಬಳಿದಳು. ಸಂಜೆತನಕ ಕಿವಿ ಎತ್ತಲಿಲ್ಲ.

ಈಗಲೂ ರಜೆ ಬೇಕಾದರೆ ಹಲ್ಲುನೋವೆಂದೇ ಬರೆಯುತ್ತೇನೆ.