ದೊಡ್ಡವ್ವನ ಕೈತೂಕ

ಹೋದ ತಿಂಗಳು ತವರೂರು ಕಮಲಾಪುರದಿಂದ ಬರುವಾಗ ಒಂದು ಸಿಮೆಂಟಿನ ಬಿಲ್ಲೆ ತಂದಿದ್ದೇನೆ. ಅಂಗೈಯಗಲ, ಒಂದು ಬೆರಳು ದಪ್ಪ, ಅಂಚಿನಲ್ಲಿ ಸ್ಕ್ರೂ ಹೋಗುವಂಥ ಎರಡು ತೂತು. ಎಷ್ಟು ತೊಳೆದರೂ ಇಂಗು, ಸಾಸಿವೆ, ಉಪ್ಪಿನ ವಾಸನೆ ಹೋಗಿಲ್ಲ. ಗುಲಬರ್ಗಾದ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಕಾಗದ ಹಾರದಿರಲೆಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಗಂಡ ಒಂದೆರಡು ಸಲ ಎತ್ತಿ, ಮೂಸಿ ನೋಡಿ, "ಇದೇನಿದು ಕಸ" ಅಂದರು. ಕಸವೇ. ಇಪ್ಪತ್ತು ವರ್ಷದ ಹಿಂದೆ ಕಸವೆಂದು ಅದನ್ನು ಎಸೆದವಳೂ ನಾನೇ.

ಅದು ಸಿಕ್ಕಿದ್ದು ನಮ್ಮ ತವರಿನ ಪಕ್ಕದ ಮನೆಯಲ್ಲಿ, ದೊಡ್ಡವ್ವನ ಉಪ್ಪಿನಕಾಯಿ ಭರಣಿಯ ಬಾಯಿಯ ಮೇಲೆ. ಅಲ್ಲಿಗೆ ಅದು ಹೇಗೆ ಬಂತು ಅನ್ನುವುದು ತಿಳಿಯಬೇಕಾದರೆ ಮೊದಲು ದೊಡ್ಡವ್ವನ ವಿಷಯ ಹೇಳಬೇಕು.

ಆಕೆ ನನ್ನ ಸ್ವಂತ ದೊಡ್ಡವ್ವ ಅಲ್ಲ. ಓಣಿಗೆಲ್ಲ ದೊಡ್ಡವ್ವ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು ಅಲ್ಲೇ ಉಳಿದಳು. ಆಗಿನ ಕಾಲದಲ್ಲಿ ಅಂಥವರನ್ನು ಮದುವೆ ಮನೆಯಲ್ಲಿ ಮುಂದೆ ಬಿಡುತ್ತಿರಲಿಲ್ಲ. ಅರಿಷಿಣ ಹಚ್ಚುವಾಗ, ಆರತಿ ಎತ್ತುವಾಗ ಆಕೆ ಹಿಂದಿನ ಬಾಗಿಲಲ್ಲಿ ನಿಂತಿರುತ್ತಿದ್ದಳು. ಆದರೆ ಅದೇ ಮದುವೆಯ ಜವಳಿ, ಬಂಗಾರ, ಹಂಡೆ, ಕೊಡ ಖರೀದಿ ಮಾಡುವಾಗ ಮಾತ್ರ ದೊಡ್ಡವ್ವ ಇಲ್ಲದೆ ಯಾರೂ ಗುಲಬರ್ಗಾದ ಬಸ್ಸು ಹತ್ತುತ್ತಿರಲಿಲ್ಲ. ಅವಳ ಕೈತೂಕ ಅಂಥದ್ದು. ತಾಮ್ರದ ಕೊಡ ಎತ್ತಿ, ಕಣ್ಣು ಮುಚ್ಚಿ, ಇಷ್ಟು ಅಂದರೆ ಇಷ್ಟೇ. ಅಂಗಡಿಯವನ ತಕ್ಕಡಿ ಬೇರೆ ಮಾತು ಹೇಳಿದರೆ ತಕ್ಕಡಿಯನ್ನೇ ಬೈಯುತ್ತಿದ್ದಳು. ಖರೀದಿಯ ದಿನ ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ವರ್ಷದಲ್ಲಿ ಆಕೆ ಮುಂದೆ ನಡೆಯುತ್ತಿದ್ದದ್ದು ಆ ಕೆಲವೇ ದಿನ.

ನಾನು ಆಗ ಗುಲಬರ್ಗಾದಲ್ಲಿ ಡಿಗ್ರಿ ಓದುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಲೇಜಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಶನಿವಾರ ಪಾಠ ಮುಗಿದ ಮೇಲೆ ಅರ್ಧ ಗಂಟೆ ಆಟ ಆಡಲು ಬಿಡುತ್ತಿದ್ದರು. ಅಲ್ಲೇ ನನಗೆ ಕಾರು ಓಡಿಸುವ ಆಟದ ಹುಚ್ಚು ಹಿಡಿದದ್ದು. ಮನೆಯಲ್ಲಿ ಅಪ್ಪನ ಮೊಪೆಡ್ಡಿನ ಹಾರ್ನ್ ಒತ್ತಿದರೂ ಬೈಗುಳ. ಇಲ್ಲಿ ನೋಡಿದರೆ ಗಾಡಿ ನನ್ನ ಕೈಯಲ್ಲಿ, ರಸ್ತೆ ನನ್ನದು, ಗೋಡೆಗೆ ಗುದ್ದಿದರೂ ಕೇಳುವವರಿಲ್ಲ. ಮನೆಗೊಂದು ಕಂಪ್ಯೂಟರ್ ಬೇಕು, ಓದುವುದಕ್ಕೆ, ಅಂತ ಅಪ್ಪನ ಬೆನ್ನು ಹತ್ತಿದೆ. ಪೂರ್ತಿ ಸುಳ್ಳಲ್ಲ… ಓದಿಗೂ ಬೇಕಾಗಿತ್ತು.

ಅಪ್ಪ ಹೈಸ್ಕೂಲ್ ಮಾಸ್ತರ. ಆರು ತಿಂಗಳು ಯೋಚನೆ ಮಾಡಿ ಒಂದು ದಿನ ಹೇಳಿದರು: "ಒಂದ ಸಲ ಕೊಡಸ್ತೀನಿ. ಕೆಟ್ಟರ ಮತ್ತ ನನ್ನ ಹತ್ತರ ಬರಬ್ಯಾಡ. ಮತ್ತ ದೊಡ್ಡವ್ವನ್ನ ಕರಕೊಂಡು ಹೋಗು."

ಕಂಪ್ಯೂಟರ್ ಖರೀದಿಗೆ ದೊಡ್ಡವ್ವ! ನಕ್ಕೆನೋ ಅತ್ತೆನೋ ನೆನಪಿಲ್ಲ. ಕೂಡಿಸಿದ್ದನ್ನು ಕೊಳ್ಳುವಷ್ಟು ದುಡ್ಡಿರಲಿಲ್ಲ. ಒಂದೊಂದೇ ಭಾಗ ಆರಿಸಿ ಕೂಡಿಸಬೇಕು. ನಾನು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದು ಹರಿದು, ಬರೆದು ಹರಿದು ಸಾಕಾಗಿದ್ದೆ. ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಮೆಮೊರಿ ಅರ್ಧಕ್ಕಿಳಿಯುತ್ತಿತ್ತು. ಮೆಮೊರಿ ಉಳಿಸಿದರೆ ಪರದೆ ಚಿಕ್ಕದಾಗುತ್ತಿತ್ತು. ಇಷ್ಟೆಲ್ಲ ಗುದ್ದಾಟವನ್ನು ಕಂಪ್ಯೂಟರನ್ನೇ ಮುಟ್ಟದ ದೊಡ್ಡವ್ವನಿಗೆ ಯಾವ ಬಾಯಿಂದ ತಿಳಿಸಿ ಹೇಳಲಿ?

ಆಕೆ ಮಾತ್ರ ಎಂದಿನಂತೆ ಇಸ್ತ್ರಿ ಸೀರೆ ಉಟ್ಟು, ಚೀಲದಲ್ಲಿ ಒಂದು ಚಿಪ್ಪು ನಮ್ಮೂರಿನ ಕೆಂಪು ಬಾಳೆಹಣ್ಣು ಇಟ್ಟುಕೊಂಡು ತಯಾರಾಗಿ ನಿಂತಿದ್ದಳು. ಅದು ಅವಳ ಪದ್ಧತಿ. ಯಾವ ಅಂಗಡಿಗೆ ಹೋದರೂ ಮಾತಿಗೆ ಮೊದಲು ಹಣ್ಣು. ನಿನ್ನ ಕೈಯಿಂದ ತಿಂದವನು ನಿನ್ನ ಮೇಲೆ ದನಿ ಏರಿಸಲಾರ ಅನ್ನುವುದು ಅವಳ ಲೆಕ್ಕ.

ಅಂಗಡಿ ಶಹಾಬಜಾರದ ಒಂದು ಸಂದಿಯಲ್ಲಿತ್ತು. ಮಾಲೀಕ ನಡುವಯಸ್ಸಿನವ, ಮರ್ಯಾದಸ್ಥ. "ಅರೆ ಆಪಾ, ಯಾಕ ತಕ್ಲೀಫ್ ತಗೊಂಡ್ರಿ" ಅನ್ನುತ್ತಲೇ ಹಣ್ಣು ಸುಲಿದ. ದೊಡ್ಡವ್ವ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ತೋರಿಸಿ ಇದು ಏನು ಮಾಡ್ತದ, ಇದು ಏನು ಮಾಡ್ತದ ಅಂತ ಕೇಳತೊಡಗಿದಳು. ಇದು ದಿಮಾಗ್ ಆಪಾ, ಇದು ನೆನಪ ಇಟ್ಕೋತದ, ಇದರಾಗ ಎಲ್ಲಾ ತುಂಬಿಡೋದು. ಆತನೂ ಮಗುವಿಗೆ ಹೇಳಿದ ಹಾಗೆ ಹೇಳಿದ. ಕೊನೆಗೆ ಗ್ರಾಫಿಕ್ಸ್ ಕಾರ್ಡಿನ ಸರದಿ ಬಂತು.

"ಇದು ಬ್ಯಾಡ ಆಪಾ. ಓದೋರಿಗಿ ಇದು ಫಾಲ್ತು. ಆಟ ಆಡೋರಿಗಿ ಬೇಕ್ರಿ."

ನನ್ನ ಕಿವಿ ಬಿಸಿಯಾದವು. ದೊಡ್ಡವ್ವ ನನ್ನ ಕಡೆ ತಿರುಗಿದಳು. ಸಂಜೆಗೆ ಅಪ್ಪನ ಮುಂದೆ ಈ ಮಾತು ಹೋಗುತ್ತದೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಆಕಿ ಪಟ್ಟಿದಾಗ ಇದು ಅದ ಏನು?"

"ಅದರಿ" ಅಂದ ಮಾಲೀಕ.

"ಹಂಗಾದ್ರ ಇರ್ಲಿ. ಪರದಿ ಸಣ್ಣದ ಕೊಡ್ರಿ."

ಅಷ್ಟೇ. ಆ ವಿಷಯ ಆಕೆ ಅಪ್ಪನಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಪಟ್ಟಿ ಮುಗಿಯಿತು ಅಂತ ನಾನು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಪ್ರಶ್ನೆ ಬಂತು: "ಇವಕ್ಕೆಲ್ಲಾ ಅನ್ನ ಹಾಕಾಂವ ಯಾರು?"

ಮಾಲೀಕ ನಕ್ಕು ಪವರ್ ಸಪ್ಲೈ ತೋರಿಸಿದ. ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆ ಹಂಚುವ ತಗಡಿನ ಡಬ್ಬಿ. ನನ್ನ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಹೊರಪೆಟ್ಟಿಗೆಯ ಜೊತೆ ಬಿಟ್ಟಿ ಬರುತ್ತದಲ್ಲ ಅಂತ ಬಿಟ್ಟಿದ್ದೆ.

"ಮನಿ ನಡಸಾಂವನ್ನ ಬಿಟ್ಟು ಉಳದೋರ ಬಗ್ಗೆ ಮಾತಾಡಾಕತ್ತೀರಲ್ಲ. ಮೊದಲ ಅವನ್ನ ತೋರಸ್ರಿ."

ಹೈದರಾಬಾದಿನಿಂದ ಬಂದ ನಾಲ್ಕು ಡಬ್ಬಿ ಮುಂದೆ ಬಂದವು. ದೊಡ್ಡವ್ವ ಒಂದೊಂದನ್ನೇ ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದಳು. ಎಲ್ಲಕ್ಕಿಂತ ಭಾರದ್ದನ್ನು ನನ್ನ ಕೈಗೆ ಕೊಟ್ಟು "ಇದರಾಗ ಜೀವ ಅದ" ಅಂದಳು. ಮಾಲೀಕನೂ ತಲೆದೂಗಿದ. ವಜನ ಇದ್ದದ್ದೇ ಅಸ್ಲೀ ಮಾಲು ಅಂತ ಆತನೂ ನಂಬಿದವನೇ. ಕ್ಲಾಸಿನ ಸರ್ ಕೂಡ ಮುಂದೆ ಅದನ್ನೇ ಹೇಳಿದರು, ನಿಮ್ಮ ದೊಡ್ಡವ್ವನಿಗೆ ತಿಳಿದಷ್ಟು ನನ್ನ ಹುಡುಗರಿಗೆ ತಿಳಿದಿಲ್ಲ ಅಂತ. ಓಣಿಯಲ್ಲಿ ಆ ಮಾತು ವಾರಗಟ್ಟಲೆ ಓಡಾಡಿತು. ದೊಡ್ಡವ್ವ ಕಂಪ್ಯೂಟರನ್ನೂ ಕೈಯಲ್ಲೇ ತೂಗಿದಳಂತೆ!

ಬರುವಾಗ ಉರುಸಿನ ಗದ್ದಲ. ರೋಜಾ ದರ್ಗಾದ ಕಡೆಯಿಂದ ಬಂದ ಜನರಿಂದ ಬಸ್ಸು ತುಂಬಿತ್ತು. ಸಿಕ್ಕಿದ ಒಂದೇ ಸೀಟಿನಲ್ಲಿ ಆಕೆ ಪರದೆಯ ಪೆಟ್ಟಿಗೆಯನ್ನು ಕಿಟಕಿ ಪಕ್ಕ ಕೂಡಿಸಿದಳು. ತಾನು ಅದರ ತಲೆ ಮೇಲೆ ಕೈ ಇಟ್ಟುಕೊಂಡು ಕಮಲಾಪುರದ ತನಕ ನಿಂತೇ ಬಂದಳು.

ಮೂರು ವಾರ ನಾನು ಸ್ವರ್ಗದಲ್ಲಿದ್ದೆ. ಅಪ್ಪ ಶಾಲೆಗೆ ಹೋದದ್ದೇ ತಡ ಕಾರು ರಸ್ತೆಗಿಳಿಯುತ್ತಿತ್ತು. ದೊಡ್ಡವ್ವ ಕಿಟಕಿಯಲ್ಲಿ ನಿಂತು ನೋಡುತ್ತ "ಅಷ್ಟ ಜೋರ ಹೋಗ್ತಿ, ಎದುರಿಗಿ ಎಮ್ಮಿ ಬಂದ್ರ ಏನ್ ಮಾಡ್ತಿ?" ಅನ್ನುತ್ತಿದ್ದಳು. ಆ ಆಟದಲ್ಲಿ ಎಮ್ಮೆ ಬರೋದಿಲ್ಲ ಅಂದರೆ ಅದೆಂಥ ರಸ್ತೆ ಅಂತ ಆಕೆಗೆ ನಂಬಿಕೆ ಬರಲಿಲ್ಲ.

ಒಂದು ರವಿವಾರ ಮಧ್ಯಾಹ್ನ, ಮನೆಯವರೆಲ್ಲ ಹೊರಗೆ ಹೋಗಿದ್ದಾಗ, ಡಬ್ಬಿ ಢಂ ಅಂದಿತು. ಸುಟ್ಟ ವಾಸನೆ, ಒಂದಿಷ್ಟು ಹೊಗೆ, ಪರದೆ ಕಪ್ಪು. ಪ್ಲಗ್ ಕಿತ್ತು, ಆರುವ ತನಕ ಕಾದು, ಅಪ್ಪನ ಸ್ಕ್ರೂಡ್ರೈವರಿನಿಂದ ಅದನ್ನು ಬಿಚ್ಚಿದೆ. ಒಳಗೆ ದಾರದಂಥ ತಂತಿ, ಗೋಲಿಯಂಥ ನಾಲ್ಕು ಸಾಮಾನು. ತಳಕ್ಕೆ ಎರಡು ಸ್ಕ್ರೂ ಹಾಕಿ ಕೂಡಿಸಿದ್ದ ಸಿಮೆಂಟಿನ ಬಿಲ್ಲೆ… ಎಲ್ಲರೂ ತೂಕ ನೋಡಿ ಕೊಳ್ಳುತ್ತಾರೆಂದು ಗೊತ್ತಿದ್ದ ಯಾರೋ ತೂಕವನ್ನೇ ತುಂಬಿ ಕಳಿಸಿದ್ದರು. ದೊಡ್ಡವ್ವ ಜೀವ ಅದ ಅಂದದ್ದು ಈ ಬಿಲ್ಲೆಗೆ.

ಅಂಗಡಿಗೆ ಒಯ್ದಿದ್ದರೆ ಮಾಲೀಕ ಬದಲಿಸಿ ಕೊಡುತ್ತಿದ್ದ, ಗ್ಯಾರಂಟಿ ಇತ್ತು. ಆದರೆ ಒಯ್ದರೆ ಅಪ್ಪನಿಗೆ ತಿಳಿಯುತ್ತದೆ, ಅಪ್ಪನಿಗೆ ತಿಳಿದರೆ ಓಣಿಗೆ. ಬರುವ ಗುರುವಾರವೇ ಎದುರು ಮನೆಯ ಮದುವೆಗೆ ಜವಳಿ, ಬಂಗಾರ ತರಲು ದೊಡ್ಡವ್ವ ಹೋಗುವವಳಿದ್ದಳು. ಸೀರೆ ಆಗಲೇ ಇಸ್ತ್ರಿಗೆ ಕೊಟ್ಟಿದ್ದಳು. ಸಿಮೆಂಟು ಹೊತ್ತು ತಂದವಳ ಕೈಗೆ ಬಂಗಾರ ಯಾರು ಕೊಡುತ್ತಾರೆ? ಒಂದು ಸಲ ಕರೆಯದೆ ಬಿಟ್ಟರೆ ಮುಂದೆ ಯಾರೂ ಕರೆಯುವುದಿಲ್ಲ. ಆಮೇಲೆ ಆಕೆಗೆ ಹಿಂದಿನ ಬಾಗಿಲೊಂದೇ ಉಳಿಯುತ್ತಿತ್ತು.

ಬಿಲ್ಲೆಯನ್ನು ಬಿಚ್ಚಿ ಹಿತ್ತಲ ಗೋಡೆಯಾಚೆ ಎಸೆದೆ. ಡಬ್ಬಿಯನ್ನು ಮುಂಚಿನಂತೆ ಮುಚ್ಚಿದೆ. ಆ ಡಬ್ಬಿಗಳ ಹಿಂದೆ ಕರೆಂಟಿನ ಪ್ರಮಾಣ ಬದಲಿಸುವ ಒಂದು ಕೆಂಪು ಗುಂಡಿ ಇರುತ್ತಿತ್ತು. ತಪ್ಪು ಕಡೆ ಸರಿಸಿದರೆ ಸುಟ್ಟೇ ಹೋಗುತ್ತದೆ. ಅಪ್ಪ ಬಂದ ಮೇಲೆ, ಏನೋ ಅಂತ ಗುಂಡಿ ಸರಿಸಿಬಿಟ್ಟೆ, ತಪ್ಪು ನನ್ನದೇ ಅಂದೆ.

ಅಪ್ಪ ಹೊಡೆಯುವವರಲ್ಲ. "ಹುಡಿಗ್ಯಾರ ಕೈಯಾಗ ಮಿಷನ್ ಕೊಟ್ರ ಹಿಂಗೇ ಆಗೋದು" ಅಂದರು. ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವಂತೆ ಅಂದರು. ಹೊಡೆದಿದ್ದರೆ ಚಲೋ ಇತ್ತು. ಯಾವ ಮಾತು ಸುಳ್ಳೆಂದು ತೋರಿಸಲು ಅಷ್ಟು ಆಸೆಯಿಂದ ಆ ಯಂತ್ರ ತರಿಸಿದ್ದೆನೋ ಆ ಮಾತಿಗೆ ನಾನೇ ಸಾಕ್ಷಿ ಹೇಳಿದ್ದೆ. ನಾಲ್ಕು ತಿಂಗಳು ಕಂಪ್ಯೂಟರು ಹಳೆ ಲುಂಗಿ ಹೊದ್ದು ಕೂತಿತು. ಮಕ್ಕಳಿಗೆ ಪಾಠ ಹೇಳಿದ ದುಡ್ಡಿನಿಂದ ಕೊನೆಗೆ ಬೇರೆ ಪವರ್ ಸಪ್ಲೈ ಹಾಕಿಸಿದಾಗ ಗ್ರಾಫಿಕ್ಸ್ ಕಾರ್ಡೂ ಸುಟ್ಟಿದೆಯೆಂದು ತಿಳಿಯಿತು. ಓದಿಗೆ ಬೇಕಾದದ್ದೆಲ್ಲ ನಡೆಯಿತು. ಕಾರು ಮಾತ್ರ ಮತ್ತೆ ಓಡಲಿಲ್ಲ.

ಗುರುವಾರ ದೊಡ್ಡವ್ವ ಎಲ್ಲರಿಗಿಂತ ಮುಂದೆ ನಡೆದು ಬಸ್ಸು ಹತ್ತಿದಳು. ಅಷ್ಟು ಬೇಜಾರಿನಲ್ಲೂ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕೆಲವು ದಿನಗಳ ಮೇಲೆ ಭಂಗಾರದವನು, ಅಂದರೆ ಹಳೆ ಸಾಮಾನು ಕೊಳ್ಳುವವನು, ಓಣಿಗೆ ಬಂದ. ಅವನ ಹತ್ತಿರ ಚೌಕಾಸಿಯೂ ದೊಡ್ಡವ್ವನದೇ ಕೆಲಸ. ನಮ್ಮ ಮನೆಯ ರದ್ದಿಯ ಜೊತೆ ಸುಟ್ಟ ಡಬ್ಬಿಯನ್ನೂ ಅಪ್ಪ ಹೊರಗೆ ಇಟ್ಟಿದ್ದರು. ಆಕೆ ಅದನ್ನು ಎತ್ತಿದವಳು ಹಾಗೇ ನಿಂತಳು. ಇನ್ನೊಂದು ಕೈಗೆ ಬದಲಿಸಿದಳು. ಬಾಗಿಲಲ್ಲಿದ್ದ ನನ್ನ ಮುಖ ನೋಡಿದಳು. ಆಮೇಲೆ ತಕ್ಕಡಿಗೆ ಹಾಕಿದಳು. ಸುಟ್ಟ ವಾಸನೆಗೆ ಬೇಸರವಾಗಿರಬೇಕು ಅಂದುಕೊಂಡೆ… ಎಂಥ ದಡ್ಡಿ ನಾನು.

ಅಲ್ಲಿಂದ ಮುಂದೆ ಆಕೆಗೆ ಹೊಸ ಚಾಳಿ ಶುರುವಾಯಿತು. ಏನೇ ಕೊಳ್ಳಲಿ, "ಬಿಚ್ಚಿ ತೋರಸ್ರಿ." ಗಾದಿಯವನಿಂದ ಮೂಲೆ ಬಿಚ್ಚಿಸಿ ಅರಳೆ ನೋಡಿದಳು, ಮಿಕ್ಸರಿನ ತಳ ತೆಗೆಸಿದಳು. ವಯಸ್ಸಾಯಿತು, ಅನುಮಾನ ಹೆಚ್ಚಾಯಿತು ಅಂತ ಓಣಿ ನಕ್ಕಿತು, ನಾನೂ ನಕ್ಕೆ. ಮರು ವರ್ಷ ಅಪ್ಪ ಹಳೆ ಮೊಪೆಡ್ ಮಾರಿ ಸ್ಕೂಟರ್ ಕೊಳ್ಳುವಾಗ ಗಾಡಿಯ ಹೊಟ್ಟೆಯನ್ನೆಲ್ಲ ಬಿಚ್ಚಿಸಿ ನೋಡಿದ ಮೇಲೆ ಕೀಲಿಯನ್ನು ಅಪ್ಪನಿಗೆ ಕೊಡದೆ ನನ್ನ ಕೈಗೆ ಹಾಕಿದಳು.

"ಮೊದಲ ಈಕಿ ಓಡಸಿ ನೋಡ್ಲಿ. ಮಿಷನ್ ಈಕಿಗಿ ತಿಳೀತದ. ನನಗ ಗೊತ್ತದ, ಮಾಸ್ತರ."

ಅಪ್ಪ ಅವಳ ಮಾತು ಮೀರುವವರಲ್ಲ. ನಾನು ಗಾಡಿ ಕಲಿತದ್ದು ಹಾಗೆ. ಆ ಮಾತಿನ ಹಿಂದೆ ಏನಿತ್ತೆಂದು ಆಗ ಹೊಳೆಯಲೇ ಇಲ್ಲ.

ದೊಡ್ಡವ್ವ ಹೋಗಿ ವರ್ಷವಾಯಿತು. ಹೋದ ತಿಂಗಳು ಕಾರು ಓಡಿಸಿಕೊಂಡು ಊರಿಗೆ ಹೋದಾಗ ಆ ಮನೆಯ ಸೊಸೆ, ಅಂದರೆ ಅವಳ ತಮ್ಮನ ಸೊಸೆ, ಅಡುಗೆಮನೆ ಖಾಲಿ ಮಾಡುತ್ತಿದ್ದಳು. ಭರಣಿಯ ಮೇಲೆ ಎರಡು ತೂತಿನ ಬಿಲ್ಲೆ ಕಂಡು ಅದನ್ನು ಕೈಗೆತ್ತಿಕೊಂಡೆ. ಹಿತ್ತಲ ಗೋಡೆಯಾಚೆ ಎಸೆದಾಗ ಆಚೆ ಯಾರ ಬಾಳೆಗಿಡಗಳಿದ್ದವು ಅಂತ ಆ ಗಾಬರಿಯಲ್ಲಿ ಯೋಚಿಸಿರಲಿಲ್ಲ.

"ಬ್ಯಾರೆ ಕಲ್ಲು ಇಟ್ರ ಒಪ್ಪತಿರಲಿಲ್ಲರಿ" ಅಂದಳು ಸೊಸೆ. "ತಾವೇ ತೊಳದು ಇಡ್ತಿದ್ರು. ಇದೇನು ದೊಡ್ಡವ್ವ ಅಂತ ಕೇಳಿದ್ರ, ಮುನ್ನೂರಾ ಎಂಬತ್ತ ಗ್ರಾಂ ಅದ ಅಂತಿದ್ರು. ಕಿರಾಣಿ ಅಂಗಡಿಗಿ ಒಯ್ದು ತೂಗಿಸಿದ್ರಂತ."

ತಕ್ಕಡಿಯನ್ನೇ ಬೈಯುತ್ತಿದ್ದ ದೊಡ್ಡವ್ವ ಅದೊಂದನ್ನು ತಕ್ಕಡಿಯಲ್ಲಿ ತೂಗಿಸಿದ್ದಳು. ಭಂಗಾರದವನ ಮುಂದೆ ಸುಟ್ಟ ಡಬ್ಬಿ ಎತ್ತಿದಾಗ ಅವಳ ಕೈಗೆ ಕಡಿಮೆ ಬಂದದ್ದೂ ಅಷ್ಟೇ ಇದ್ದಿರಬೇಕು. ಅಂಗಳದಲ್ಲಿ ನಾನು ಬೈಸಿಕೊಂಡದ್ದೂ ಆಕೆಗೆ ಕೇಳಿತ್ತು. ಅವಳ ಮರ್ಯಾದೆ ಉಳಿಸಿದವಳು ನಾನು ಅಂತ ಇಷ್ಟು ವರ್ಷ ಒಳಗೊಳಗೇ ಬೀಗುತ್ತಿದ್ದೆನಲ್ಲ, ಬೀಗಲಿ ಅಂತ ಬಿಟ್ಟಿದ್ದಳು. ಪ್ರತಿ ಬೇಸಗೆ ಆ ಬಿಲ್ಲೆಯ ಕೆಳಗಿನ ಉಪ್ಪಿನಕಾಯಿಯನ್ನೇ ಡಬ್ಬಿ ತುಂಬಿ ನನಗೆ ಕಳಿಸುತ್ತಿದ್ದಳು. ಒಂದು ಸಲ ಎದುರು ಬದುರು ಕೂತು ಇಬ್ಬರೂ ನಗಬೇಕಿತ್ತು. ಆಗಲಿಲ್ಲ. ಇನ್ನು ಆಗುವುದೂ ಇಲ್ಲ…

ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಬಿಲ್ಲೆಯನ್ನು ಅಂಗೈ ಮೇಲಿಟ್ಟು, ಅವಳ ಹಾಗೆ ಕಣ್ಣು ಮುಚ್ಚಿ ನೋಡಿದೆ. ಭಾರ ಇತ್ತು. ಎಷ್ಟು ಅಂತ ನನ್ನ ಕೈಗೆ ತಿಳಿಯಲಿಲ್ಲ.